ಸವೆಯದ ಝಿಂಕ್

ದೋಹಾ
೧೧ ಅಕ್ಟೋಬರ್ ೨೦೨೪, ಶುಕ್ರವಾರ

ದುಗ್ಗು,

ಸಲಾಂ. ಕಾಗದ ನೋಡಿ ನಗಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದ ದಿನ ‘ಇಲ್ಲಿ ಗಾಳಿ ಜೋರುಂಟು, ಆಮೇಲೆ ಮಾಡ್ತೇನೆ’ ಅಂತ ಇಟ್ಟುಬಿಡುತ್ತಿ. ದುಖಾನ್‌ನಲ್ಲಿ ಅಷ್ಟು ಗಾಳಿ ಇದ್ದರೆ ಇಷ್ಟು ಹೊತ್ತಿಗೆ ನೀನು ಬಹರೈನ್‌ಗೆ ಹಾರಿ ಹೋಗಿರಬೇಕಿತ್ತು. ಅದಕ್ಕೇ ತರಕಾರಿ ವ್ಯಾನಿನ ರಿಯಾಝ್‌ನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಅವನು ಶನಿವಾರ ಶನಿವಾರ ನಿಮ್ಮ ಕ್ಯಾಂಪಿಗೆ ಟೊಮೆಟೊ, ನೀರುಳ್ಳಿ ಇಳಿಸಲಿಕ್ಕೆ ಬರುತ್ತಾನಂತೆ. ನಾವಿಬ್ಬರೂ ಜೀವಮಾನವಿಡೀ ಮಾತಾಡಿದ್ದು ತುಳು. ಬರೆಯಲಿಕ್ಕೆ ಕೂತರೆ ಮಾತ್ರ ಕನ್ನಡ ಬರುತ್ತದೆ, ಹೆಡ್‌ಮಾಸ್ತರರಿಗೆ ರಜೆ ಅರ್ಜಿ ಬರೆದ ಹಾಗಾಗುತ್ತದೆ. ಇರಲಿ.

ವಿಷಯ ಬೋಟಿನದ್ದು. ಬೋಟಿನ ಮಾಲೀಕ, ನಮ್ಮ ಅರ್ಬಾಬ್ ಚಿಕಿತ್ಸೆಗೆ ಲಂಡನ್‌ಗೆ ಹೋಗುವ ಮೊದಲು ಅಂಗಡಿಗೆ ಬಂದಿದ್ದರು. ಪರದೆ ಹೊಲಿಸಲಿಕ್ಕಲ್ಲ. ಅವರ ಮಗನಿಗೆ ಹಳೇ ‘ನಜ್ಮಾ’ ಬೇಡವಂತೆ, ಆ ಜಾಗದಲ್ಲಿ ಹೊಸ ಬೋಟು ಕಟ್ಟಬೇಕಂತೆ. ಅರ್ಬಾಬ್ ಹೇಳಿದರು: ‘ಇಸ್ಮಾಯಿಲ್, ರಂಜಾನಿಗೆ ಮೊದಲು ನಾನು ಬಂದು ಬೋಟನ್ನು ಮೇಲೆತ್ತಿಸಿ ಕಣ್ಣಾರೆ ನೋಡ್ತೇನೆ. ನೀರಿನ ಕೆಳಗಿನ ಲೋಹ ಗಟ್ಟಿ ಇದ್ದರೆ ನೀವಿಬ್ಬರು ಇರುವವರೆಗೆ ಬೋಟು ಇರಲಿ. ಇಲ್ಲದಿದ್ದರೆ ಖಲಾಸ್.’

ಪ್ರತಿ ವರ್ಷ ಈ ತಿಂಗಳಲ್ಲಿ ಬೋಟನ್ನು ಮೇಲೆತ್ತಿ, ನೀರು ತಳ್ಳುವ ಫ್ಯಾನಿನ ಶಾಫ್ಟಿಗೆ ಬಳೆಯ ಹಾಗೆ ತೊಡಿಸುವ ಆ ಬೂದು ಬಣ್ಣದ ಝಿಂಕ್ ಬದಲಿಸುತ್ತಿದ್ದವನು ನೀನು. ನಾನು ಆ ಹೊತ್ತಿಗೆ ನೆರಳಲ್ಲಿ ಕೂತು ಚಾ ಕುಡಿಯುತ್ತಿದ್ದೆ. ಈಗ ಏನು ಮಾಡಬೇಕು ಹೇಳು. ನೀನೇ ಒಂದು ದಿನ ಬಂದು ಹೋದರೆ ಇನ್ನೂ ಒಳ್ಳೆಯದು.

ಇಲ್ಲಿ ನಾನು ಕ್ಷೇಮ. ಝುಲೈಖಾ ಹೋದ ಮೇಲೆ ಎಲ್ಲರೂ ಕೇಳುತ್ತಾರೆ, ಎಲ್ಲರಿಗೂ ಅದನ್ನೇ ಹೇಳುತ್ತೇನೆ. ಸೂಕ್ ವಾಕಿಫ್‌ನ ಹಿಂದಿನ ಹೋಟೆಲಿನಲ್ಲಿ ಪರೋಟ ಸಿಗುತ್ತದೆ. ಯಾವ ತೊಂದರೆಯೂ ಇಲ್ಲ.

ಇಸ್ಮಾಯಿಲ್


ದುಖಾನ್
೧೯ ಅಕ್ಟೋಬರ್ ೨೦೨೪

ಇಸ್ಮಾಯಿಲ್ ಬ್ಯಾರಿಗಳಿಗೆ ದುಗ್ಗುವಿನ ನಮಸ್ಕಾರ.

ಕಾಗದ ಸಿಕ್ಕಿತು. ರಜೆ ಸಿಗುವುದಿಲ್ಲ. ಮಾಡಬೇಕಾದ್ದನ್ನು ಬರೆಯುತ್ತೇನೆ, ಅಷ್ಟು ಮಾಡಿ.

ಬೋಟು ಮೇಲೆ ಬಂದ ಕೂಡಲೇ ಹಳೇ ಝಿಂಕ್ ಬಿಚ್ಚಿ. ಶಾಫ್ಟನ್ನು ಸ್ಯಾಂಡ್‌ಪೇಪರಿನಲ್ಲಿ ಹೊಳೆಯುವ ಹಾಗೆ ಉಜ್ಜಿ. ಹೊಸ ಝಿಂಕ್ ಎರಡು ಹೋಳಾಗಿ ಬರುತ್ತದೆ, ಶಾಫ್ಟಿನ ಆಚೆಯಿಂದ ಒಂದು, ಈಚೆಯಿಂದ ಒಂದು ಕೂರಿಸಿ ಬೋಲ್ಟ್ ಬಿಗಿಯಿರಿ. ಬೋಟಿನ ಅಡಿಗೆ ಕೆಂಪು ಪೇಂಟ್ ಬಳಿಯುವಾಗ ಝಿಂಕಿಗೆ ಒಂದು ಹನಿಯೂ ತಾಗಬಾರದು. ಯಾಕೆ ಏನು ಅಂತ ಕೇಳುತ್ತ ಕೂರಬೇಡಿ. ನೀವು ಪ್ರಶ್ನೆ ಕೇಳಲಿಕ್ಕೆ ಶುರು ಮಾಡಿದರೆ ಬೋಟು ಮುಳುಗಿದರೂ ಮುಗಿಯುವುದಿಲ್ಲ.

ಪರೋಟ ದಿನಾ ತಿನ್ನಬೇಡಿ.

ದುಗ್ಗು


ದೋಹಾ
೮ ನವೆಂಬರ್ ೨೦೨೪

ದುಗ್ಗು,

ದುಗ್ಗು ಯಜಮಾನರ ಅಪ್ಪಣೆಯಂತೆ ಎಲ್ಲ ಆಯಿತು. ನೀನು ಕಳೆದ ವರ್ಷ ಹಾಕಿದ್ದ ಝಿಂಕನ್ನು ನೋಡಿ ನನಗೆ ಪಾಪ ಅನ್ನಿಸಿತು ಮಾರಾಯ. ಮೈಯೆಲ್ಲ ತೂತು. ಹೆಬ್ಬೆರಳಿನಷ್ಟು ಉಳಿದಿತ್ತು, ಕೈ ಹಾಕಿದರೆ ಮುರಿದು ಬಿತ್ತು. ಹೊಸದು ಎಷ್ಟು ಚಂದ! ಬೆಳ್ಳಿಯ ಬಳೆಯೇ. ಶಾಫ್ಟನ್ನು ಉಜ್ಜಿ ಉಜ್ಜಿ ನನ್ನ ತೋಳು ನೋವು. ಯಾರ್ಡಿನ ಹುಡುಗರು ‘ಚಾಚಾ, ಮುಖ ಕಾಣ್ತದೆ ಇದರಲ್ಲಿ’ ಅಂತ ತಮಾಷೆ ಮಾಡಿದರು. ಪೇಂಟ್ ಒಂದು ಹನಿ ತಾಗಿಸಿಲ್ಲ. ಇನ್ನೊಂದು ವಿಷಯ. ಕೂರಿಸುವಾಗ ನನ್ನದೂ ಸ್ವಲ್ಪ ಕೈಚಳಕ ಸೇರಿಸಿದ್ದೇನೆ. ಏನು ಅಂತ ಈಗ ಹೇಳುವುದಿಲ್ಲ. ಮುಂದಿನ ವರ್ಷ ನೀನೇ ಬಿಚ್ಚಿದಾಗ ‘ಭೇಷ್ ಬ್ಯಾರಿಗಳೇ’ ಅನ್ನಬೇಕು.

ಈಗ ಕೆಲಸ ಹೆಚ್ಚು ಲುಸೈಲ್‌ನಲ್ಲಿ. ಇಡೀ ಕಟ್ಟಡಕ್ಕೆ ಪರದೆ. ಅಳತೆ ತೆಗೆಯಲಿಕ್ಕೆ ಹೋದರೆ ಒಂದೊಂದು ಫ್ಲ್ಯಾಟಿನಲ್ಲೂ ನಾನೊಬ್ಬನೇ. ದೊಡ್ಡ ದೊಡ್ಡ ಕಿಟಕಿ, ಎದುರಿಗೆ ಸಮುದ್ರ, ಒಳಗೆ ಒಂದು ಕುರ್ಚಿಯೂ ಇಲ್ಲ. ಟೇಪು ಹಿಡಿಯಲಿಕ್ಕೆ ‘ಹೂಂ, ಆ ತುದಿ ಹಿಡಿ’ ಅಂತ ಹಿಂದೆ ತಿರುಗುತ್ತೇನೆ. ಝುಲೈಖಾ ಬರುತ್ತಿದ್ದಳಲ್ಲ ಮೊದಲೆಲ್ಲ. ಈಗ ತುದಿಗೆ ಗಮ್ ಟೇಪ್ ಅಂಟಿಸಿ ಅಳೆಯುತ್ತೇನೆ. ಅಭ್ಯಾಸ ಆಗಿದೆ.

ರಿಯಾಝ್‌ನ ಕೈಯಲ್ಲಿ ಒಂದು ಸಣ್ಣ ಭರಣಿ ಕಳಿಸಿದ್ದೇನೆ. ಅವಳು ಊರಿಗೆ ಹೊರಡುವ ಮೊದಲು ಹಾಕಿಟ್ಟಿದ್ದ ಲಿಂಬೆ ಉಪ್ಪಿನಕಾಯಿ. ಇದ್ದದ್ದು ಅದೊಂದೇ. ಶುಕ್ರವಾರ ನಮ್ಮಲ್ಲಿ ಊಟಕ್ಕೆ ಕೂತರೆ ನೀನು ಮೀನಿಗಿಂತ ಮೊದಲು ಅದನ್ನೇ ಕೇಳುತ್ತಿದ್ದೆ.

ಒಂದು ಶುಕ್ರವಾರ ಬಾ. ಬೋಟು ತೆಗೆಯುವ. ಹಮೂರ್ ಮೀನು ಸಿಗದಿದ್ದರೆ ಬಿಸಿಲಾದರೂ ಸಿಗುತ್ತದೆ.

ಇಸ್ಮಾಯಿಲ್


ದುಖಾನ್
೭ ಡಿಸೆಂಬರ್ ೨೦೨೪

ಬ್ಯಾರಿಗಳೇ,

ಬರಲಿಕ್ಕೆ ಆಗಲಿಲ್ಲ. ಡ್ಯೂಟಿ.

ಬೋಟನ್ನು ಕಟ್ಟಿ ಹಾಕಿದಲ್ಲೇ ಬಿಡಬೇಡಿ, ವಾರಕ್ಕೊಮ್ಮೆ ಎಂಜಿನ್ ತಿರುಗಿಸಿ. ಜನವರಿಯಲ್ಲಿ ಅಡಿಯ ಪಾಚಿ ತೆಗೆಯಲಿಕ್ಕೆ ಡೈವರ್ ಬರುತ್ತಾನಲ್ಲ, ಆಗ ಝಿಂಕ್ ಎಷ್ಟು ಉಳಿದಿದೆ ಅಂತ ಫೋಟೊ ತೆಗೆಸಿ ನೋಡಿ ಬರೆಯಿರಿ. ಈ ಕಡಲಿನ ನೀರು ನಮ್ಮ ಮಲ್ಪೆಯ ನೀರಿನ ಹಾಗಲ್ಲ, ಉಪ್ಪು ಜಾಸ್ತಿ, ಬಿಸಿ ಜಾಸ್ತಿ.

ಇಲ್ಲಿ ಚಳಿ ಶುರುವಾಗಿದೆ. ರೂಮಿನಲ್ಲಿ ಈಗ ನಾನೊಬ್ಬನೇ, ಜೊತೆಗಿದ್ದ ನೇಪಾಳದವನು ಊರಿಗೆ ಹೋದ.

ದುಗ್ಗು


ದೋಹಾ
೧೭ ಜನವರಿ ೨೦೨೫, ಶುಕ್ರವಾರ

ದುಗ್ಗು,

ಮಿಠಾಯಿ ತೆಗೆದಿಡು! ನಿನ್ನೆ ಡೈವರ್ ಇಳಿದಿದ್ದ. ಫೋಟೊ ನೋಡಿ ನಾನು ಅಲ್ಲೇ ಜೆಟ್ಟಿಯ ಮೇಲೆ ‘ಅಲ್‌ಹಂದುಲಿಲ್ಲಾ’ ಅಂದುಬಿಟ್ಟೆ. ಝಿಂಕ್ ಒಂದು ಚೂರೂ ಸವೆದಿಲ್ಲ. ಹಾಕಿದ ದಿನ ಹೇಗಿತ್ತೋ ಹಾಗೇ ಇದೆ, ಅಂಚು ಕೂಡ ಮಾಸಿಲ್ಲ. ನೀನು ಹಾಕಿದ್ದು ವರ್ಷ ತುಂಬುವಾಗ ಭಿಕ್ಷುಕನ ಬಟ್ಟೆಯ ಹಾಗಾಗಿತ್ತು, ನಾನು ಹಾಕಿದ್ದು ಮದುಮಗನ ಹಾಗೆ ಕೂತಿದೆ. ನಲವತ್ತು ವರ್ಷ ಸೂಜಿ ಹಿಡಿದ ಕೈ ಇದು, ಗೊತ್ತಾಯಿತಾ? ಅರ್ಬಾಬ್ ಫೆಬ್ರವರಿಯಲ್ಲಿ ಬರುತ್ತಾರೆ. ಬರಲಿ. ಇನ್ನು ಹೆದರಿಕೆ ಇಲ್ಲ. ಬೋಟು ನಮ್ಮದೇ.

ನನಗೂ ಏನೂ ಆಗಿಲ್ಲ. ಮಸ್ಕತ್‌ನಿಂದ ಮಗಳು ನಹ್ಲಾ ದಿನಾ ಫೋನ್ ಮಾಡುತ್ತಾಳೆ. ‘ಉಪ್ಪಾ, ಹೇಗಿದ್ದೀರಿ’ ಅನ್ನುತ್ತಾಳೆ, ‘ಫಸ್ಟ್ ಕ್ಲಾಸ್’ ಅನ್ನುತ್ತೇನೆ. ಝುಲೈಖಾ ತೀರಿಹೋದ ಮೇ ತಿಂಗಳಿನಿಂದ ಇವತ್ತಿನವರೆಗೆ ನಾನು ಒಂದು ಸಲವೂ ಅತ್ತಿಲ್ಲ ದುಗ್ಗು, ನಿನಗೆ ಗೊತ್ತಾ? ಉಳ್ಳಾಲದಲ್ಲಿ ಮಣ್ಣು ಮಾಡುವಾಗಲೂ ಇಲ್ಲ. ಮರುವಾರ ಬಂದು ಅಂಗಡಿ ತೆರೆದೆ. ಮಸೀದಿಯಲ್ಲಿ ಜನ ‘ಇಸ್ಮಾಯಿಲ್ ಗಟ್ಟಿ ಮನುಷ್ಯ’ ಅನ್ನುತ್ತಾರೆ. ಅಡುಗೆಮನೆಯ ಬಾಗಿಲು ಮುಚ್ಚಿಟ್ಟಿದ್ದೇನೆ. ಅಲ್ಲಿ ನನಗೇನು ಕೆಲಸ?

ಉಪ್ಪಿನಕಾಯಿ ಹೇಗಿತ್ತು ಅಂತ ನೀನು ಬರೆಯಲೇ ಇಲ್ಲ.

ಇಸ್ಮಾಯಿಲ್


ದುಖಾನ್
೧೮ ಜನವರಿ ೨೦೨೫

ಎಂಥ ಸಾವು ಮಾರಾಯ್ರೇ!

ರಿಯಾಝ್ ಹಾರ್ನ್ ಹೊಡೆಯುತ್ತಿದ್ದಾನೆ, ಅವನನ್ನು ನಿಲ್ಲಿಸಿ ಟೊಮೆಟೊ ಪೆಟ್ಟಿಗೆಯ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ. ಸವೆಯದಿದ್ದರೆ ಅದು ಮಿಠಾಯಿ ಹಂಚುವ ವಿಷಯ ಅಲ್ಲ! ಝಿಂಕ್ ಹಾಕುವುದೇ ಸವೆಯಲಿಕ್ಕೆ. ಕಡಲ ನೀರಿನಲ್ಲಿ ಎರಡು ಜಾತಿಯ ಲೋಹ ಒಟ್ಟಿಗೆ ಇದ್ದರೆ ಒಂದು ತಿನ್ನಿಸಿಕೊಳ್ಳಲೇ ಬೇಕು. ಮನೆಯೊಳಗೆ ನುಗ್ಗುವ ನಾಯಿಗೆ ಅಂಗಳದಲ್ಲೇ ಒಣಮೀನಿನ ತಲೆ ಹಾಕುತ್ತೇವಲ್ಲ, ಹಾಗೆ ಝಿಂಕ್ ಕೊಡುವುದು. ಅದು ಹೋದರೆ ಉಳಿದದ್ದು ಉಳಿಯುತ್ತದೆ. ಅದು ಹಾಗೇ ಉಳಿದಿದ್ದರೆ ನೀರು ಬೇರೆ ಏನನ್ನೋ ತಿನ್ನುತ್ತಿದೆ ಅಂತ ಅರ್ಥ. ನಿಮ್ಮ ಬೋಟಿನಲ್ಲಿ ತಿನ್ನಲಿಕ್ಕೆ ಇನ್ನೇನುಂಟು? ಹಿತ್ತಾಳೆಯ ಫ್ಯಾನು. ಹಳೇ ಝಿಂಕ್ ಬೇಸಿಗೆಯಲ್ಲೇ ಮುಗಿದಿರಬೇಕು, ಅಂದರೆ ಆಗಿನಿಂದಲೂ ಅದಕ್ಕೆ ಕಾವಲಿಲ್ಲ.

ಆ ಕೈಚಳಕ ಏನು? ಅದನ್ನು ಮೊದಲು ಹೇಳಿ. ಡೈವರನನ್ನು ಮತ್ತೆ ಇಳಿಸಿ. ಫ್ಯಾನಿನ ಎಸಳಿನ ತುದಿಯನ್ನು ಚಾಕುವಿನಿಂದ ಕೆರೆಯಲಿ. ಒಳಗೆ ಹಳದಿ ಕಂಡರೆ ದೇವರು ದೊಡ್ಡವನು. ಗುಲಾಬಿ ಕಂಡರೆ ಕತೆ ಮುಗಿಯಿತು, ಜೋರು ತಿರುಗಿಸಿದರೆ ಎಸಳು ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಅಲ್ಲಿಯವರೆಗೆ ಬೋಟು ಹೊರಗೆ ತೆಗೆಯಬೇಡಿ.

ಇನ್ನೊಂದು. ಅಳಲಿಲ್ಲವಂತೆ! ಅದನ್ನೂ ಝಿಂಕಿನ ಹಾಗೆ ಹೆಮ್ಮೆಯಿಂದ ಬರೆದಿದ್ದೀರಿ. ಗಟ್ಟಿ ಮನುಷ್ಯನಂತೆ, ಮಣ್ಣಾಂಗಟ್ಟಿ. ಹಾಗಾದರೆ ಒಳಗೆ ಏನನ್ನು ತಿನ್ನುತ್ತಿದೆ ಅದು? ನನಗೆ ಹೆದರಿಕೆ ಆಗುತ್ತದೆ.

ನಾನು ದೊಡ್ಡ ಜನ ಅಂತ ಅಲ್ಲ ಹೇಳುವುದು. ಉಪ್ಪಿನಕಾಯಿಯ ಭರಣಿ ಇನ್ನೂ ತೆರೆದಿಲ್ಲ. ತೆರೆದರೆ ಮುಗಿಯುತ್ತದೆ ಅಂತ ಹಾಸಿಗೆಯ ಪಕ್ಕ ಇಟ್ಟುಕೊಂಡಿದ್ದೇನೆ. ಫೋನ್ ಎತ್ತುವುದಿಲ್ಲ ಅಂತ ಬರೆದಿದ್ದಿರಲ್ಲ. ನಿಮ್ಮ ಸ್ವರ ಕೇಳಿದ ಕೂಡಲೇ ಹಿಂದಿನಿಂದ ಝುಲೈಖಕ್ಕ ‘ದುಗ್ಗುವಾ? ಊಟಕ್ಕೆ ಬರ್ಲಿಕ್ಕೆ ಹೇಳಿ’ ಅಂತ ಕೂಗುತ್ತಾರೆ ಅಂತ ಕಾಯುತ್ತೇನೆ. ಕೂಗುವುದಿಲ್ಲ. ಅದು ನನ್ನಿಂದ ಆಗುವುದಿಲ್ಲ ಬ್ಯಾರಿಗಳೇ. ಹೆತ್ತ ತಾಯಿ ಸತ್ತಾಗ ನಾನು ಕಡಲಲ್ಲಿದ್ದೆ, ಗೊತ್ತೇ ಆಗಲಿಲ್ಲ. ಇದು ಮಾತ್ರ ಗೊತ್ತಾಗಿದೆ.

ದುಗ್ಗು


ದೋಹಾ
೨೪ ಜನವರಿ ೨೦೨೫

ದುಗ್ಗು,

ಗುಲಾಬಿ.

ಪೇರಳೆ ಹಣ್ಣನ್ನು ಸೀಳಿದ ಹಾಗಿತ್ತು. ಮೂರೂ ಎಸಳು. ಡೈವರ್ ಫೋಟೊ ತೋರಿಸಿ ‘ಸಾರಿ ಬಾಬಾ’ ಅಂದ. ಅವನು ಯಾಕೆ ಸಾರಿ ಹೇಳಬೇಕು?

ಕೈಚಳಕ ಏನು ಅಂತ ಕೇಳಿದೆ. ಅಸ್ತರು. ಕೋಟಿಗೆ ಅಸ್ತರು ಕೊಡದೆ ನಾನು ಹೊಲಿದವನಲ್ಲ. ಅಷ್ಟು ಉಜ್ಜಿ ಹೊಳಪು ಬಂದ ಶಾಫ್ಟಿಗೆ ಆ ಒರಟು ಝಿಂಕ್ ನೇರ ತಾಗಿದರೆ ಗೀರು ಬೀಳುತ್ತದೆ ಅಂತ ತೆಳ್ಳಗಿನ ರಬ್ಬರ್ ಶೀಟ್ ಕತ್ತರಿಸಿ ಒಳಗೆ ಕೊಟ್ಟೆ. ಬೋಲ್ಟಿಗೂ ರಬ್ಬರ್ ತೊಡಿಸಿದೆ. ಬಲು ನೀಟಾಗಿ ಕೂತಿತು. ಯಾರ್ಡಿನಲ್ಲಿ ನಿನ್ನ ಕಾಗದ ತೋರಿಸಿದೆ. ಅಲ್ಲಿಯ ಫೋರ್ಮನ್ ಹಣೆ ಚಚ್ಚಿಕೊಂಡ. ‘ಬ್ಯಾರಿಗಳೇ, ಲೋಹಕ್ಕೆ ಲೋಹ ಬರಿಮೈಯಲ್ಲಿ ತಾಗ್ಬೇಕು, ನಡುವೆ ಬಟ್ಟೆ ಇಟ್ರೆ ಎಂತ ಆಗ್ತದೆ’ ಅಂದ. ಮಾಡಿದ್ದುಣ್ಣೋ ಮಹಾರಾಯ.

ಬೋಟು ಹೋಯಿತು ದುಗ್ಗು. ಈ ಅಳತೆಯ ಫ್ಯಾನ್ ಈಗ ಸಿಗುವುದಿಲ್ಲವಂತೆ, ತರಿಸಿದರೆ ಬೇಸಿಗೆ ಆಗುತ್ತದೆ. ಅರ್ಬಾಬ್ ಅದಕ್ಕೂ ಮೊದಲೇ ಬರುತ್ತಾರೆ.

ನಿನ್ನ ಕಾಗದವನ್ನು ಅಂಗಡಿಯಲ್ಲಿ ನಿಂತೇ ಓದಿದೆ. ‘ಊಟಕ್ಕೆ ಬರ್ಲಿಕ್ಕೆ ಹೇಳಿ’ ಅಂತ ಬರೆದಿದ್ದೀಯಲ್ಲ, ಅದು ಅವಳ ಸ್ವರದಲ್ಲೇ ಕೇಳಿತು. ಶಟರ್ ಎಳೆದೆ. ಲುಸೈಲ್‌ಗೆ ಹೊಲಿಯುತ್ತಿದ್ದ ಬಿಳಿ ಪರದೆ ಮಡಿಲಲ್ಲಿತ್ತು, ಅದಕ್ಕೇ ಮುಖ ಒತ್ತಿಕೊಂಡೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಹೊರಗೆ ಯಾರೋ ಶಟರ್ ಬಡಿದರು, ತೆರೆಯಲಿಲ್ಲ. ಆ ಪರದೆಯನ್ನು ಇನ್ನು ಒಗೆಯಬೇಕು.

ನಾನು ಕ್ಷೇಮ ಅಂತ ಬರೆಯುವುದಿಲ್ಲ ಈ ಸಲ.

ಇಸ್ಮಾಯಿಲ್


ದುಖಾನ್
೧ ಫೆಬ್ರವರಿ ೨೦೨೫

ಬ್ಯಾರಿಗಳೇ,

ಬೈದದ್ದಕ್ಕೆ ಬೇಜಾರು ಮಾಡಬೇಡಿ. ನಾನೂ ‘ಯಾಕೆ ಅಂತ ಕೇಳಬೇಡಿ’ ಅಂತ ಬರೆಯುವ ಬದಲು ಎರಡು ಸಾಲು ಯಾಕೆ ಅಂತಲೇ ಬರೆಯಬಹುದಿತ್ತು.

ಈಗ ಸರಿಯಾಗಿ ಓದಿ. ನಾವು ಒಮ್ಮೆ ಬಂಡೆಗೆ ತಾಗಿಸಿ ಫ್ಯಾನ್ ಬದಲಿಸಿದ್ದು ನೆನಪುಂಟಾ? ಒಂದು ಎಸಳು ಸೊಟ್ಟಗಾಗಿದ್ದ ಆ ಹಳೇ ಫ್ಯಾನನ್ನು ಝುಲೈಖಕ್ಕ ಎಸೆಯಲಿಕ್ಕೆ ಬಿಡಲಿಲ್ಲ. ಅಡುಗೆಮನೆಯ ಬಾಗಿಲು ಗಾಳಿಗೆ ಬಡಿಯುತ್ತದೆ ಅಂತ ಬಾಗಿಲಿಗೆ ಒತ್ತು ಇಡುತ್ತಿದ್ದರು. ಕಾಲು ತಾಗಿದಾಗಲೆಲ್ಲ ಟಣ್ ಅನ್ನುತ್ತಿತ್ತು, ಅವರು ನನಗೆ ಬೈಯುತ್ತಿದ್ದರು. ಅದು ಅಲ್ಲೇ ಉಂಟಾ? ಬಾಗಿಲು ತೆರೆದು ನೋಡಿ. ಇದ್ದರೆ ಅದೇ ಅಳತೆ, ಎಸಳನ್ನು ನಾನು ನೇರ ಮಾಡುತ್ತೇನೆ.

ಗುರುವಾರ ಸಂಜೆ ಬಸ್ಸಿನಲ್ಲಿ ಬರುತ್ತೇನೆ. ರಜೆ ಕೇಳಿದೆ, ಕೊಟ್ಟರು. ಮೊದಲು ಕೇಳಿರಲಿಲ್ಲ.

ಹೇಗೂ ಅಡುಗೆಮನೆ ತೆರೆಯುತ್ತೀರಲ್ಲ, ಅನ್ನಕ್ಕಿಡಿ. ಭರಣಿ ತರುತ್ತೇನೆ.

ದುಗ್ಗು


ಉಳ್ಳಾಲ
೨ ಮೇ ೨೦೨೫

ಪ್ರೀತಿಯ ದುಗ್ಗು,

ಪಕ್ಕದ ಮನೆಯ ಶಾಹಿನಾಳ ಗಂಡ ನಾಳೆ ದೋಹಾಕ್ಕೆ ಹೊರಟಿದ್ದಾರೆ, ಅವರ ಕೈಯಲ್ಲಿ ಕೊಡುತ್ತಿದ್ದೇನೆ. ಫೋನ್ ಇದೆ ಅಂತ ಗೊತ್ತಿದೆ. ನಿನಗೆ ಮಾಡಲಿಕ್ಕೆ ಇನ್ನೂ ಧೈರ್ಯ ಬರುವುದಿಲ್ಲ.

ಮಸ್ಕತ್‌ನಿಂದ ನಹ್ಲಾ ಬಂದಿದ್ದಾಳೆ. ನಿನ್ನೆ ಇಬ್ಬರೂ ಝುಲೈಖಾಳ ಖಬರಿಗೆ ಹೋದೆವು. ಹೋದ ವರ್ಷ ಹಸಿ ಮಣ್ಣಿತ್ತು, ಈಗ ಹುಲ್ಲು ಬಂದಿದೆ. ಈ ಸಲ ಅತ್ತೆ. ನಹ್ಲಾ ಹೆದರಿಬಿಟ್ಟಳು, ‘ಉಪ್ಪಾ, ಡಾಕ್ಟರ್ ಹತ್ರ ಹೋಗುವನಾ’ ಅಂತ. ಬೇಡ ಮಗಳೇ, ಇದು ಸರಿಯಾಗುತ್ತಿರುವುದು ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಝಿಂಕಿನ ಕತೆ ಹೇಳಿದೆ, ಆಗ ಇನ್ನೂ ಅರ್ಥವಾಗಲಿಲ್ಲ.

ಬೋಟನ್ನು ಮೇಲೆತ್ತಿಸಿ ನೋಡಿದ ದಿನದ ಅರ್ಬಾಬರ ಮುಖ ನೆನಪಾಗುತ್ತದೆ ನನಗೆ. ಮಗ ಪಕ್ಕದಲ್ಲಿ ಫೋನ್ ನೋಡುತ್ತ ನಿಂತಿದ್ದ, ಆ ಮುದುಕ ಕೋಲೂರಿ ಬಗ್ಗಿ, ಶಾಫ್ಟಿಗೆ ಕೂರಿಸಿದ್ದ ನಮ್ಮ ಬಾಗಿಲ ಒತ್ತಿಗೆ ಬೆರಳಿನಿಂದ ತಟ್ಟಿದರು. ಟಣ್ ಅಂದಿತು. ‘ತಮಾಮ್, ಗಟ್ಟಿ ಇದೆ’ ಅಂದರು. ನಾನು ಅವರನ್ನು ನೋಡಲಿಲ್ಲ, ನಿನ್ನನ್ನು ನೋಡಿದೆ. ನಿನಗೂ ಅವಳ ಅದೇ ಬೈಗುಳ ಕೇಳಿಸಿತು ಅಂತ ಗೊತ್ತಾಯಿತು.

ಮಳೆಗಾಲ ಮುಗಿಯುವವರೆಗೆ ಇಲ್ಲಿರಿ ಅನ್ನುತ್ತಾರೆ ಎಲ್ಲರೂ. ಹೂಂ ಅಂದಿದ್ದೇನೆ. ಶುಕ್ರವಾರ ಬಂದರೆ ಕಾಲು ತಾನಾಗಿ ಜೆಟ್ಟಿಯ ಕಡೆ ಹೊರಡುತ್ತದೆ. ಬೋಟು ಹೇಗಿದೆ ಬರೆ. ಝಿಂಕ್ ಹೇಗಿದೆ ಬರೆ.

ಇಸ್ಮಾಯಿಲ್


ದೋಹಾ, ‘ನಜ್ಮಾ’ದ ಮೇಲೆ
೯ ಮೇ ೨೦೨೫, ಶುಕ್ರವಾರ

ಇಸ್ಮಾಯಿಲ್ ಬ್ಯಾರಿಗಳಿಗೆ,

ಬೆಳಿಗ್ಗೆ ಬಸ್ಸಿನಲ್ಲಿ ಬಂದೆ. ನಿಮ್ಮ ಬೀಗದ ಕೈಯಿಂದ ಮನೆ ತೆರೆದು ಅಡುಗೆಮನೆಯ ಕಿಟಕಿ ತೆಗೆದು ಗಾಳಿಯಾಡಿಸಿದೆ. ಬಾಗಿಲಿಗೆ ಒತ್ತಿಲ್ಲದೆ ಅದು ಬಡಿಯುತ್ತಲೇ ಇತ್ತು. ಒಂದು ಇಟ್ಟಿಗೆ ಇಟ್ಟು ಬಂದಿದ್ದೇನೆ.

ಆಮೇಲೆ ಬೋಟು ತೆಗೆದೆ. ಒಬ್ಬನೇ ಹೋಗುವುದು ಚಂದ ಇಲ್ಲ. ಹಗ್ಗ ಬಿಚ್ಚಿ ‘ಹಿಡ್ಕೊಳ್ಳಿ’ ಅಂತ ಎಸೆದೆ, ಅದು ನೀರಿಗೆ ಬಿತ್ತು. ಗಾಳ ಹಾಕಿ ಕೂತೆ. ಒಂದು ಸಣ್ಣ ಹಮೂರ್ ಸಿಕ್ಕಿತು, ಬಿಟ್ಟುಬಿಟ್ಟೆ. ಯಾರಿಗೆ ಅಂತ ಬೇಯಿಸುವುದು?

ಜೆಟ್ಟಿಗೆ ಬಂದ ಮೇಲೆ ನಾನೇ ಈಜುವ ಕನ್ನಡಕ ಹಾಕಿ ಕೆಳಗೆ ಮುಳುಗಿ ನೋಡಿದೆ. ಫ್ಯಾನು ಹಳದಿ. ಫೆಬ್ರವರಿಯಲ್ಲಿ ನಾವಿಬ್ಬರೂ ಹಾಕಿದ ಝಿಂಕ್ ಆಗಲೇ ಕಾಲು ಭಾಗ ಸವೆದಿದೆ. ಮೈಯೆಲ್ಲ ತೂತು, ನೋಡಲಿಕ್ಕೆ ಅಸಹ್ಯ. ಇಲ್ಲಿ ಎಲ್ಲ ಕ್ಷೇಮ.

ಭರಣಿಯ ತಳದಲ್ಲಿ ಕೊನೆಯ ಹೋಳು ಉಳಿದಿತ್ತು. ನಿಮಗೆ ಅಂತ ಇಟ್ಟಿದ್ದೆ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ತಡೆಯಲಿಲ್ಲ, ತಿಂದುಬಿಟ್ಟೆ. ಬೆರಳು ಹಾಕಿ ಸವರಿ ರಸವನ್ನೂ ನೆಕ್ಕಿದೆ. ಮುಗಿಯಿತು. ಕಣ್ಣಲ್ಲಿ ನೀರು ಬಂತು, ಖಾರಕ್ಕೆ ಅಂತ ನಾನು ಹೇಳುವುದಿಲ್ಲ. ಭರಣಿ ತೊಳೆದು ಬಿಸಿಲಿಗೆ ಇಟ್ಟಿದ್ದೇನೆ.

ಬರುವ ಶುಕ್ರವಾರ ಜುಮಾ ಮುಗಿಸಿ ಫೋನ್ ಮಾಡಿ. ನಿಮ್ಮ ಹಿಂದೆ ಯಾರೂ ‘ಊಟಕ್ಕೆ ಬರ್ಲಿಕ್ಕೆ ಹೇಳಿ’ ಅನ್ನುವುದಿಲ್ಲ ಅಂತ ನನಗೆ ಗೊತ್ತುಂಟು. ಎತ್ತುತ್ತೇನೆ.

ದುಗ್ಗು